ಕಾರಿಗೆ ಮೊದಲು ಬೇಕಾದ್ದು ಗಂಟಲು

ಆ ಕಾರು ನಿಮಗೂ ಗೊತ್ತು. ನೋಡಿರದಿದ್ದರೂ ಕೇಳಿಯಂತೂ ಇರುತ್ತೀರಿ. ಊರೆಲ್ಲ ಮಲಗಿದ ಮೇಲೆ ಬೀದಿಯ ಆ ತುದಿಯಿಂದ ಅರಚಿಕೊಂಡು ಬರುತ್ತದೆ. ತಿರುವಿನ ಹತ್ತಿರ ಪಟ್ ಪಟ್ ಪಟಾರ್ ಎಂದು ಸಿಡಿಯುತ್ತದೆ. ಮಾಯವಾಗುತ್ತದೆ. ಐದು ನಿಮಿಷ ಬಿಟ್ಟು ವಾಪಸ್ ಬರುತ್ತದೆ, ಮೊದಲ ಸಲ ಎಚ್ಚರವಾಗದವರು ಯಾರಾದರೂ ಉಳಿದಿದ್ದಾರಾ ಎಂದು ವಿಚಾರಿಸಲು. ಸ್ಪೋರ್ಟ್ಸ್ ಕಾರು ತಂದು ಇನ್ನೂ ಸೀಟಿನ ಹೊಸ ವಾಸನೆ ಹೋಗಿಲ್ಲ, ಅಷ್ಟರಲ್ಲೇ ಎಕ್ಸಾಸ್ಟ್ ಸದ್ದು ಹೆಚ್ಚಿಸುವ ಮೊದಲ ಮಾಡಿಫಿಕೇಶನ್ ಮುಗಿದಿದೆ.

ಎಂಥ ಉದಾರಿ ನೋಡಿ. ತನ್ನ ದುಡ್ಡಲ್ಲಿ ಮಾಡಿಸಿದ್ದನ್ನು ಒಬ್ಬನೇ ಅನುಭವಿಸುವುದಿಲ್ಲ, ಇಡೀ ಬೀದಿಗೆ ಹಂಚುತ್ತಾನೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತ ಗಾದೆ ಕಟ್ಟಿದ ಹಿರಿಯರು ತೀರಾ ಸಣ್ಣ ವಿಷಯಕ್ಕೆ ಸಿಟ್ಟಾದರು ಅನ್ನಿಸುತ್ತದೆ. ಪಾಪ, ಕೊಡೆ ಸದ್ದಾದರೂ ಮಾಡುತ್ತಿರಲಿಲ್ಲ.

ಆ ಪಟಾರ್ ತಾನಾಗಿ ಬರುವ ಸದ್ದಲ್ಲ, ಅದಕ್ಕೂ ಕಾಸು ಕೊಡಬೇಕು. ಈಗಿನ ಎಂಜಿನ್‌ಗಳಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಕಾರು ಉರುಳುತ್ತಿರುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವಲ್ಲ, ಪೆಟ್ರೋಲ್ ಯಾಕೆ ಸುಮ್ನೆ ದಂಡ ಅಂತ. ಎಂಜಿನಿಯರ್‌ಗಳು ತಲೆ ಕೆಡಿಸಿಕೊಂಡು ಮಾಡಿದ ಈ ಉಳಿತಾಯವನ್ನು ‘ಪಾಪ್ಸ್ ಅಂಡ್ ಬ್ಯಾಂಗ್ಸ್’ ಅನ್ನುವ ಸಾಫ್ಟ್‌ವೇರ್ ಟ್ಯೂನ್ ಅಳಿಸಿಹಾಕುತ್ತದೆ. ಕಾಲು ತೆಗೆದ ಮೇಲೂ ಪೆಟ್ರೋಲ್ ಬೀಳುತ್ತಲೇ ಇರಲಿ, ಕಿಡಿ ಮಾತ್ರ ತಡವಾಗಿ ಹಾರಲಿ ಅಂತ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಅಂದರೆ ಇಸಿಯುಗೆ, ಹೇಳಿಕೊಡುತ್ತದೆ. ಸಿಲಿಂಡರ್ ಒಳಗೆ ಮುಗಿಯಬೇಕಾದ ಉರಿ ಎಕ್ಸಾಸ್ಟ್ ಪೈಪಿಗೆ ಬಂದು ಸಿಡಿಯುತ್ತದೆ. ಎಕ್ಸಾಸ್ಟ್ ವಾಲ್ವ್, ಎಕ್ಸಾಸ್ಟ್ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್‌ಗೆ ಗಾಳಿ ತುರುಕುವ ಟರ್ಬೊ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೂರಕ್ಕೂ ಚೆನ್ನಾಗಿ ಬಿಸಿ ತಾಗುತ್ತದೆ. ಕಾರು ನಿಧಾನವಾಗುತ್ತಿರುವಾಗ ಜಾಸ್ತಿ ಪೆಟ್ರೋಲ್ ಸುಡುವ ಈ ವ್ಯವಸ್ಥೆಗೆ ಪರ್ಫಾರ್ಮೆನ್ಸ್ ಅಪ್‌ಗ್ರೇಡ್ ಎಂದು ಬಿಲ್ ಹಾಕುತ್ತಾರೆ.

ಇದರ ಮೂಲ ಕಾರ್ ರ್ಯಾಲಿ ಎಂಬ ರೇಸಿನಲ್ಲಿದೆ. 1990ರ ದಶಕದ ರ್ಯಾಲಿ ಕಾರುಗಳಲ್ಲಿ ಆಂಟಿ ಲ್ಯಾಗ್ ಅಂತ ಇತ್ತು. ಡ್ರೈವರ್ ತಿರುವಿನಲ್ಲಿ ಕಾಲು ಎತ್ತಿದಾಗ ಟರ್ಬೊ ತಿರುಗುವುದು ನಿಧಾನವಾಗಬಾರದು, ಮತ್ತೆ ಒತ್ತಿದ ತಕ್ಷಣ ಶಕ್ತಿ ಬರಬೇಕು. ಅದಕ್ಕಾಗಿ ಎಕ್ಸಾಸ್ಟ್ ಒಳಗೇ ಇಂಧನ ಉರಿಸುತ್ತಿದ್ದರು. ಸದ್ದು ಅದರ ಹೊಗೆಯ ಹಾಗೆ ಬೇಡದಿದ್ದರೂ ಬರುತ್ತಿತ್ತು. ಟರ್ಬೊ ಬೇಗ ಹಾಳಾಗುತ್ತಿತ್ತು, ಬದಲಿಸಲು ತಂಡ ಪಕ್ಕದಲ್ಲೇ ನಿಂತಿರುತ್ತಿತ್ತು. ನಮ್ಮ ಹುಡುಗ ಅದರಿಂದ ಉಪಯೋಗವನ್ನು ಸೋಸಿ ಬಿಸಾಕಿ ಸದ್ದನ್ನು ಮಾತ್ರ ಇಟ್ಟುಕೊಂಡಿದ್ದಾನೆ. ಟರ್ಬೊ ಬದಲಿಸುವ ತಂಡ ಅವನಿಗೂ ಇದೆ, ಅಪ್ಪ ಅಂತ ಹೆಸರು.

ಸರಿ, ಎಕ್ಸಾಸ್ಟ್ ಆಯಿತು. ಆಮೇಲೆ ಏರ್ ಇನ್‌ಟೇಕ್. ಕಂಪನಿಯವರು ಏರ್ ಫಿಲ್ಟರನ್ನು ಕಪ್ಪು ಡಬ್ಬಿಯೊಳಗೆ ಮುಚ್ಚಿಟ್ಟಿರುತ್ತಾರೆ. ಹೊರಗಿನ ತಣ್ಣನೆ ಗಾಳಿ ಮಾತ್ರ ಎಂಜಿನ್‌ಗೆ ಹೋಗಲಿ ಎಂದು ಕೊಳವೆಯನ್ನು ಗ್ರಿಲ್ ಹಿಂದಕ್ಕೋ ಫೆಂಡರ್ ಒಳಕ್ಕೋ ಎಳೆದಿರುತ್ತಾರೆ. ಇಷ್ಟು ಚೆನ್ನಾಗಿದ್ದರೆ ಹೇಗೆ? ಡಬ್ಬಿ ಕಿತ್ತು, ಕೆಂಪು ಕೋನ್ ಫಿಲ್ಟರ್ ಒಂದನ್ನು ಬಾನೆಟ್ ಅಡಿಯ ಕುಲುಮೆಯಲ್ಲಿ ಬಿಚ್ಚಾಗಿ ಕೂರಿಸುತ್ತಾರೆ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಸಾಂದ್ರತೆ ಇಳಿದರೆ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದರೆ ಶಕ್ತಿ ಕಡಿಮೆ. ಸಿಗ್ನಲ್‌ನಲ್ಲಿ ನಿಂತು ಬೆವರುವ ಎಂಜಿನ್‌ಗೆ ತನ್ನದೇ ಬಿಸಿ ಉಸಿರನ್ನು ಮತ್ತೆ ಕುಡಿಸುವ ಈ ಸಾಧನದ ಹೆಸರು ಕೋಲ್ಡ್ ಏರ್ ಇನ್‌ಟೇಕ್. ಇನ್‌ಟೇಕ್‌ಗೆ ಬೇರೆ ಗೋಡೆ ಕಟ್ಟಿ, ನಿಜವಾಗಿಯೂ ತಣ್ಣನೆ ಗಾಳಿ ಎಳೆದುಕೊಳ್ಳುವ ಒಳ್ಳೆ ಕಿಟ್‌ಗಳೂ ಇವೆ ಬಿಡಿ. ಆದರೆ ಅವುಗಳಲ್ಲಿ ಫಿಲ್ಟರ್ ಕಾಣಿಸುವುದಿಲ್ಲ. ಬಾನೆಟ್ ಎತ್ತಿದಾಗ ಕೆಂಪಗೆ ಕಾಣದ ಮೇಲೆ ಏನು ಪ್ರಯೋಜನ?

ಕೇಳಿದರೆ ಡೈನೊ ಶೀಟ್, ಅಂದರೆ ಕಾರಿನ ಶಕ್ತಿ ಅಳೆದ ಚೀಟಿ, ತೋರಿಸುತ್ತಾರೆ. ಹಾಕುವ ಮೊದಲು ಇಷ್ಟು, ಹಾಕಿದ ಮೇಲೆ ಇಷ್ಟು. ಬಾನೆಟ್ ಪೂರ್ತಿ ಎತ್ತಿ, ಮುಂದೆ ದೊಡ್ಡ ಫ್ಯಾನ್ ಇಟ್ಟು, ಗಾಳಿ ನೇರ ಫಿಲ್ಟರ್ ಮೇಲೆ ಬೀಳುವಂತೆ ನಿಲ್ಲಿಸಿ ಅಳೆದಿದ್ದು. ರಸ್ತೆಯಲ್ಲೂ ಬಾನೆಟ್ ಎತ್ತಿಕೊಂಡೇ ಓಡಿಸುವವರಿಗೆ ಆ ಲೆಕ್ಕ ಪಕ್ಕಾ. ಟರ್ಬೊ ಇರುವ ಎಂಜಿನ್‌ಗೆ ಇಸಿಯು ಲೆಕ್ಕ ತಿದ್ದಿ ಬರೆಯುವ ಒಳ್ಳೆ ರೀಮ್ಯಾಪ್ ಮಾಡಿಸಿದರೆ ಶಕ್ತಿ ನಿಜಕ್ಕೂ ಏರುತ್ತದೆ, ಶೇ 20 ಹೆಚ್ಚಾದರೂ ಆಶ್ಚರ್ಯವಿಲ್ಲ. ಟರ್ಬೊ ಇಲ್ಲದ ಎಂಜಿನ್‌ಗೆ ಅದೇ ದುಡ್ಡು ಸುರಿದರೆ ಸಿಗುವುದು ಎಸಿ ಆಫ್ ಮಾಡಿದಷ್ಟು. ಸ್ಟಿಕರ್ ಅಂಟಿಸಿದರೆ ಐದು ಕುದುರೆ ಹೆಚ್ಚುತ್ತವೆ ಅನ್ನುವುದು ಹಳೆ ಜೋಕು. ಹಲವು ಬಿಡಿಭಾಗಗಳಿಗಿಂತ ಸ್ಟಿಕರ್ ವಾಸಿ, ಕನಿಷ್ಠ ತೂಕ ಇಲ್ಲ.

ತೂಕ ಅಂದಾಗ ರೆಕ್ಕೆ ನೆನಪಾಯಿತು. ಹಿಂದೆ ಬಟ್ಟೆ ಒಣಗಿಸಬಹುದಾದಷ್ಟು ದೊಡ್ಡ ವಿಂಗ್. ಅದು ಕಾರನ್ನು ನೆಲಕ್ಕೆ ಒತ್ತುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 160 ಕಿ.ಮೀ. ವೇಗದಲ್ಲಿ ಇರುವ ಬಲದಲ್ಲಿ 40 ಕಿ.ಮೀ. ವೇಗಕ್ಕೆ ಉಳಿಯುವುದು ಹದಿನಾರನೇ ಒಂದು ಪಾಲು. ರೇಸ್ ಟ್ರ್ಯಾಕ್‌ನ ವೇಗದ ತಿರುವಿನಲ್ಲಿ ಅದು ಬಂಗಾರ. ಟ್ರಾಫಿಕ್‌ನಲ್ಲಿ ಅದು ಹಿಂದಿನ ಕನ್ನಡಿಯ ನೋಟಕ್ಕೆ ಅಡ್ಡ ಬರುವ ಹಲಗೆ. ಮುಂದಿನ ಚಕ್ರಗಳು ಎಳೆಯುವ ಪುಟ್ಟ ಕಾರುಗಳಿಗೂ ಹಾಕುತ್ತಾರೆ. ಹಿಂದಿನ ಚಕ್ರಗಳು ಬರೀ ಜೊತೆಗೆ ಬರುತ್ತಿರುತ್ತವೆ, ಅವಕ್ಕೆ ಈ ಸನ್ಮಾನ.

ಇಷ್ಟೆಲ್ಲ ಆಗುವ ಹೊತ್ತಿಗೆ ಟೈರ್ ಯಾವುದು ಅಂತ ಕೇಳಿ ನೋಡಿ. ಕಾರು ಬಂದಾಗ ಇದ್ದದ್ದೇ, ಅಥವಾ ಅದಕ್ಕಿಂತ ಅಗ್ಗದ್ದು. ಅಲಾಯ್ ವೀಲ್ ದೊಡ್ಡದು ತಗೊಂಡು ಕಾಸು ಖಾಲಿಯಾಗಿರುತ್ತದೆ. ಅಷ್ಟು ದೊಡ್ಡ ಕಾರು ರಸ್ತೆಗೆ ತಾಗುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಎಳೆಯುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈ ಮೂಲಕವೇ. ಸ್ಪೋರ್ಟ್ಸ್ ಕಾರಿಗೆ ಮೊದಲ ದುಡ್ಡು ಎಲ್ಲಿ ಹಾಕಬೇಕು ಎಂದು ರೇಸ್ ಓಡಿಸುವವರನ್ನು ಕೇಳಿದರೆ ಟೈರ್ ಅನ್ನುತ್ತಾರೆ, ಆಮೇಲೆ ಬ್ರೇಕ್ ಪ್ಯಾಡ್ ಅನ್ನುತ್ತಾರೆ, ಆಮೇಲೆ ಬ್ರೇಕ್ ಫ್ಲೂಯಿಡ್ ಅನ್ನುತ್ತಾರೆ. ಅಷ್ಟರಲ್ಲಿ ಕೇಳಿದವನು ಎದ್ದು ಹೋಗಿರುತ್ತಾನೆ.

ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಈ ಬ್ರೇಕ್ ಫ್ಲೂಯಿಡ್ ಮೇಲೆ ನನಗೆ ವಿಶೇಷ ಕನಿಕರ. ಸಾಮಾನ್ಯವಾಗಿ ಬಳಸುವ ಡಾಟ್ 4 ದ್ರವ ಹೊಸದಾಗಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ಗಾಳಿಯಲ್ಲಿನ ತೇವ ಹೀರುವ ಚಟ ಇದೆ. ತೇವ ಕುಡಿದ ಮೇಲೆ ನಿಯಮ ಕೇಳುವ ಕನಿಷ್ಠ ಮಟ್ಟ 155 ಡಿಗ್ರಿ. ಘಾಟಿಯ ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕ್ ತುಳಿದರೆ ದ್ರವ ಕುದಿದು ಒಳಗೆ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ. ಪೆಡಲ್ ಮೆತ್ತಗೆ ನೆಲದವರೆಗೂ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಒಂದು ಪುಟ್ಟ ಡಬ್ಬಿ ಹೊಸ ದ್ರವ, ಅರ್ಧ ದಿನದ ಕೆಲಸ. ಎಂಜಿನ್ ಶಕ್ತಿ ಏರಿಸಿದವನು ಮೊದಲು ಮಾಡಬೇಕಾದ್ದು ಇದು, ಯಾಕೆಂದರೆ ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಆದರೆ ಬ್ರೇಕ್ ಫ್ಲೂಯಿಡ್ ಜೊತೆ ಸೆಲ್ಫಿ ಬರುವುದಿಲ್ಲ. ಬ್ರೇಕ್ ಕ್ಯಾಲಿಪರ್‌ಗೆ ಕೆಂಪು ಬಣ್ಣ ಬಳಿದರೆ ಬರುತ್ತದೆ. ಬಳಿದಿದ್ದಾನೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಬರೀ ಹುಡುಗರನ್ನು ಬೈದರೆ ಅನ್ಯಾಯ. ಈ ಹುಚ್ಚಿಗೆ ದೊಡ್ಡ ದೊಡ್ಡ ಕಂಪನಿಗಳೇ ತುಪ್ಪ ಸುರಿದಿವೆ. ಬಿಎಂಡಬ್ಲ್ಯು ಕಂಪನಿ 2011ರಲ್ಲಿ ತಂದ ಎಂ5 ಕಾರು ತನ್ನ ಎಂಜಿನ್ ಸದ್ದನ್ನು ಸ್ಪೀಕರ್ ಮೂಲಕ ಒಳಗೆ ನುಡಿಸುತ್ತಿತ್ತು. ಮುಂದೆ ಟ್ವಿನ್ ಟರ್ಬೊ ವಿ8 ಎಂಜಿನ್ ಕೂತಿದೆ, ಅದರ ದನಿ ಕೇಳಲು ಮ್ಯೂಸಿಕ್ ಸಿಸ್ಟಮ್ ಬೇಕು! ಸದ್ದು ಒಳಗೆ ಬಾರದ ಹಾಗೆ ತಡೆಯಲು ಒಂದು ತಂಡ, ತಡೆದ ಸದ್ದನ್ನು ಮತ್ತೆ ಒಳಗೆ ತರಲು ಇನ್ನೊಂದು ತಂಡ. ಇಬ್ಬರಿಗೂ ಸಂಬಳ.

ಎಲೆಕ್ಟ್ರಿಕ್ ಕಾರು ಬಂದರೆ ಈ ಕಾಟ ತಪ್ಪೀತು ಅಂತ ಕಾದವರಲ್ಲಿ ನಾನೂ ಒಬ್ಬ. ಎಂಜಿನ್ನೇ ಇಲ್ಲ, ಏನು ಸಿಡಿಸುತ್ತಾರೆ ಅಂದುಕೊಂಡಿದ್ದೆ. 2023ರಲ್ಲಿ ಹ್ಯುಂಡೈ ಅಯಾನಿಕ್ 5 ಎನ್ ಬಂತು. ಗೇರೇ ಇಲ್ಲದ ಕಾರಿನಲ್ಲಿ ಎಂಟು ಗೇರ್ ಇದ್ದಂತೆ ನಟಿಸುತ್ತದೆ, ಬದಲಿಸುವಾಗ ಜಗ್ಗುತ್ತದೆ ಕೂಡ. ಪೆಟ್ರೋಲ್ ಎಂಜಿನ್ನಿನ ಸದ್ದು ಬೇಕಾದರೆ ಅದು, ಬೇಡ ಅಂದರೆ ಜೆಟ್ ವಿಮಾನದ ಥರದ್ದು. ಹೊರಗೂ ಸ್ಪೀಕರ್ ಇದೆ, ಪಕ್ಕದವರು ವಂಚಿತರಾಗಬಾರದಲ್ವಾ. ಅದಕ್ಕೂ ಮೊದಲು, 2022ರಲ್ಲಿ, ಡಾಡ್ಜ್ ಕಂಪನಿ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾದ ಮಾದರಿ ತೋರಿಸಿತ್ತು. ಹೊಗೆ ಬಾರದ ಕಾರಿಗೆ ಎಕ್ಸಾಸ್ಟ್! 126 ಡೆಸಿಬೆಲ್‌ವರೆಗೆ ಗರ್ಜಿಸುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ನಡೆದು ಹೋಗುವವರಿಗೆ, ಕಣ್ಣು ಕಾಣದವರಿಗೆ ಗೊತ್ತಾಗಲಿ ಎಂದು ಎಲೆಕ್ಟ್ರಿಕ್ ಕಾರು ನಿಧಾನ ವೇಗದಲ್ಲಿ ಮೆಲ್ಲಗೆ ಗುಂಯ್‌ಗುಡಬೇಕು ಅಂತ ಯುರೋಪ್ 2019ರಿಂದ ನಿಯಮ ಮಾಡಿದೆ. ಅದಕ್ಕೊಂದು ಅರ್ಥವಿದೆ. ಈ 126 ಡೆಸಿಬೆಲ್ ಯಾರಿಗಾಗಿ? ಕಿವಿ ಚೆನ್ನಾಗಿರುವವರನ್ನು ಕಿವುಡರನ್ನಾಗಿಸಲು?

ಡೆಸಿಬೆಲ್ ಲೆಕ್ಕ ಕೂಡಿಸುವ ಲೆಕ್ಕವಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು. ಪ್ಯಾರಿಸ್ ಸುತ್ತಮುತ್ತ ಶಬ್ದ ಅಳೆಯುವ ಬ್ರುಯಿಪಾರಿಫ್ ಸಂಸ್ಥೆಯ ಅಂದಾಜಿನಲ್ಲಿ, ಸೈಲೆನ್ಸರ್ ಬದಲಿಸಿದ ಒಂದೇ ಒಂದು ಸ್ಕೂಟರ್ ರಾತ್ರಿ ಆ ನಗರವನ್ನು ಹಾದು ಹೋದರೆ ಸುಮಾರು 10,000 ಜನರ ನಿದ್ದೆ ಕೆಡಬಹುದು. ಆ ನಗರ 2022ರಲ್ಲಿ ಸದ್ದು ಹಿಡಿಯುವ ರೇಡಾರ್‌ಗಳನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷೆ ಶುರು ಮಾಡಿತು. ಅಂದರೆ, ಒಬ್ಬನ ಖುಷಿಯನ್ನು ತಡೆಯಲು ಈಗ ಕಂಬ, ಮೈಕು, ಕ್ಯಾಮೆರಾ, ಕಾನೂನು.

ಇಲ್ಲಿ ನಗು ಬರುವುದಿಲ್ಲ. ಆ ಹತ್ತು ಸಾವಿರದಲ್ಲಿ ಬೆಳಗಿನ ಪಾಳಿಗೆ ಏಳಬೇಕಾದ ನರ್ಸ್ ಇರುತ್ತಾಳೆ. ಎರಡು ತಾಸು ತೂಗಿ ಆಗಷ್ಟೇ ಮಗುವನ್ನು ಮಲಗಿಸಿದ ತಾಯಿ ಇರುತ್ತಾಳೆ. ನೋವಿಗೆ ಮಾತ್ರೆ ನುಂಗಿ ಹೇಗೋ ಕಣ್ಣು ಮುಚ್ಚಿದ ಮುದುಕ ಇರುತ್ತಾನೆ. ಅವರು ಯಾರೂ ನಿನ್ನ ಕಾರಿನ ಅಭಿಮಾನಿಗಳಲ್ಲ ಕಣಪ್ಪ. ಅವರಿಗೆ ಅದರ ಹೆಸರೂ ಗೊತ್ತಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬರೀ ಪೈಪ್ ಹಾಕಿಸಿಕೊಂಡಿದ್ದೀಯಲ್ಲ, ಅದು ತಡೆಯುತ್ತಿದ್ದ ವಿಷದ ಗಾಳಿಯನ್ನು ಕುಡಿಯುವವರೂ ಅವರೇ. ಹವ್ಯಾಸ ನಿನ್ನದು, ಸರಿ. ಶ್ವಾಸಕೋಶ ಯಾಕೆ ಅವರದು?

ಇರಲಿ. ಬೈದು ಏನೂ ಆಗುವುದಿಲ್ಲ, ಕಿಟಕಿ ಮುಚ್ಚಿದ್ದರೂ ಕೇಳುತ್ತದೆ, ತೆರೆದು ಬೈದರೆ ಅವನಿಗೆ ಕೇಳುವುದಿಲ್ಲ.

1989ರಲ್ಲಿ ಬಂದ ಮೊದಲ ಮಜ್ದಾ ಎಂಎಕ್ಸ್-5ನಲ್ಲಿ 1.6 ಲೀಟರ್ ಎಂಜಿನ್ ಇತ್ತು, ಸುಮಾರು 115 ಅಶ್ವಶಕ್ತಿ. ತೂಕ ಒಂದು ಟನ್‌ಗೂ ಕಡಿಮೆ. ಇವತ್ತಿನ ಲೆಕ್ಕದಲ್ಲಿ ಅದು ಬಡಪಾಯಿ. ಆದರೆ ಓಡಿಸಲು ಬಲ್ಲವರು ಇಂದಿಗೂ ಟ್ರ್ಯಾಕ್ ದಿನಗಳಲ್ಲಿ ಅದನ್ನು ತಂದು, ಎರಡು ಮೂರು ಪಟ್ಟು ಶಕ್ತಿಯ ಕಾರುಗಳನ್ನು ತಿರುವಿನಲ್ಲಿ ಹಿಂದೆ ಹಾಕುತ್ತಾರೆ. ಹಿಂದೆ ಬಿದ್ದವನು ನೇರ ರಸ್ತೆ ಸಿಕ್ಕಿದ್ದರೆ ತೋರಿಸುತ್ತಿದ್ದೆ ಅನ್ನುತ್ತಾನೆ, ಸಸ್ಪೆನ್ಷನ್ ಸರಿಯಿಲ್ಲ ಅನ್ನುತ್ತಾನೆ. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕು. ಟ್ರ್ಯಾಕ್‌ನಲ್ಲಿ ಪಕ್ಕದ ಸೀಟಿಗೆ ಒಬ್ಬ ಕೋಚ್ ಕೂರಿಸಿಕೊಂಡು ಒಂದು ದಿನ ಕಲಿತರೆ ಸಿಗುವ ವೇಗ ಯಾವ ಎಕ್ಸಾಸ್ಟ್‌ನಿಂದಲೂ ಸಿಗುವುದಿಲ್ಲ. ಈ ಮಾಡಿಫಿಕೇಶನ್ ಮುಂದಿನ ಕಾರಿಗೂ ಜೊತೆಯಲ್ಲೇ ಬರುತ್ತದೆ. ಹೇಳಿ ನೋಡಿ, ಯಾರಾದರೂ ಕೊಳ್ಳುತ್ತಾರಾ ಅಂತ. ಪಾರ್ಕಿಂಗ್ ಜಾಗದಲ್ಲಿ ಎಂಜಿನ್ ಆನ್ ಮಾಡಿ ನಿಂತಾಗ ಕಲಿತದ್ದು ಕೇಳಿಸುವುದಿಲ್ಲವಲ್ಲ.

ಈ ಇಡೀ ಸಾಹಸದಲ್ಲಿ ನನಗೆ ತುಂಬಾ ಇಷ್ಟವಾಗುವುದು ಸರ್ವಿಸ್ ದಿನ. ಅಂದು ಹುಡುಗ ಸದ್ದಿಲ್ಲದೆ ಹಳೆಯ ಸೈಲೆನ್ಸರ್ ಹುಡುಕಿ ತೆಗೆದು ಕೂರಿಸುತ್ತಾನೆ. ಕಪ್ಪು ಡಬ್ಬಿ ವಾಪಸ್ ಬರುತ್ತದೆ. ಕನ್ವರ್ಟರ್ ಕೂಡ. ಇಸಿಯುಗೆ ಕಂಪನಿಯ ಮೂಲ ಪಾಠವನ್ನೇ ಮತ್ತೆ ತುಂಬುತ್ತಾನೆ. ವಾರಂಟಿ ಹೋಗಬಾರದಲ್ಲ! ಸರ್ವಿಸ್ ಅಡ್ವೈಸರ್ ಎದುರು ಕೈ ಕಟ್ಟಿ ನಿಂತು, ಏನೂ ಮಾಡಿಸಿಲ್ಲ ಸಾರ್, ಕಾರು ಹೇಗೆ ಬಂತೋ ಹಾಗೇ ಇದೆ, ಟರ್ಬೊ ಯಾಕೋ ತಾನಾಗೇ ಕೆಟ್ಟಿದೆ ಅನ್ನುತ್ತಾನೆ. ತನ್ನನ್ನು ಎಷ್ಟು ಸಲ ತಿದ್ದಿ ಬರೆದಿದ್ದಾರೆ ಎಂದು ಎಣಿಸಿಟ್ಟುಕೊಳ್ಳುವ ಇಸಿಯುಗಳೂ ಇವೆ ಅನ್ನುವುದು ಅವನಿಗೆ ತಿಳಿಯದು. ಅಡ್ವೈಸರ್‌ಗೆ ತಿಳಿದಿದೆ. ಆತ ಏನೂ ಹೇಳದೆ ಲ್ಯಾಪ್‌ಟಾಪ್ ಕೇಬಲ್ ಚುಚ್ಚುತ್ತಾನೆ.