17 ಇಂಚಿನ ರುಬಾಬು

ಬಳ್ಳಾರಿಯಲ್ಲಿ ಮನುಷ್ಯನ ಅಂತಸ್ತು ಈಗ ಇಂಚಿನ ಲೆಕ್ಕಕ್ಕೆ ಬಂದು ನಿಂತಿದೆ. ಕಾರಿಗೆ ಕಂಪನಿ ಹಾಕಿ ಕಳಿಸಿದ 15 ಇಂಚಿನ ರಿಮ್ಮಿನಲ್ಲೇ ಓಡಾಡುವವನು ಬಡಪಾಯಿ. 16 ಹಾಕಿಸಿದವನು ಪರವಾಗಿಲ್ಲ, ಮನೆ ಕಡೆ ಅನುಕೂಲ ಇರಬೇಕು. 17, ಅದೂ ಅಂಚಿಗೆ ಕೆಂಪು ಗೆರೆ ಎಳೆದ ಕರೀ ಅಲಾಯ್ ಹಾಕಿಸಿದವನಿಗೆ ಮಾತ್ರ ರಾಯಲ್ ಸರ್ಕಲ್ಲಿನಲ್ಲಿ ಗ್ಲಾಸು ಇಳಿಸಿ, ಮೊಣಕೈ ಹೊರಗೆ ಚಾಚಿ ಅಕ್ಕಪಕ್ಕ ನೋಡುವ ಹಕ್ಕು. ಕಾರಿನ ಕಂತು ಇನ್ನೂ ತೀರಿಲ್ಲವಲ್ಲ ಅಂತ ಕೇಳಬೇಡಿ. ಕಂತು ಬ್ಯಾಂಕಿನವರಿಗೆ ಕಾಣುತ್ತದೆ, ರಿಮ್ಮು ಊರಿಗೇ ಕಾಣುತ್ತದೆ.

ರಿಮ್ಮು ಆರಿಸಲು ವಾರಗಟ್ಟಲೆ ಬೇಕು. ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ನೋಡಬೇಕು, ವಾಟ್ಸಾಪ್ ಗ್ರೂಪಿಗೆ ಹಾಕಿ ಗೆಳೆಯರ ಮತ ಕೇಳಬೇಕು, ಕಡ್ಡಿ ಐದಿರಲೋ ಹತ್ತಿರಲೋ ಅಂತ ನಿದ್ದೆಗೆಡಬೇಕು. ಟಯರಿನ ಅಳತೆ ಮಾತ್ರ ಅಂಗಡಿಯಲ್ಲಿ ಅರ್ಧ ಕಪ್ ಚಹಾ ಮುಗಿಯುವುದರೊಳಗೆ ತೀರ್ಮಾನ.

"ಅಣ್ಣ, ಇದಕ್ಕ ಯಾವ ಸೈಜ್ ಬರ್ತದ?"

"ಸ್ಟಾಕ್ ಇರೋದು ಇದೊಂದಾ ನೋಡ್ರಿ ಸಾರ್. ಕುಂದ್ರತದ, ಏನಾಗಲ್ಲ."

ಕುಂದ್ರತದ, ನಿಜ. ರಬ್ಬರು ಪಾಪದ್ದು, ಒತ್ತಿದರೆ ಎಲ್ಲಿ ಬೇಕಾದರೂ ಕೂರುತ್ತದೆ. ತಕರಾರು ಶುರುವಾಗುವುದು ಗಾಡಿ ಎದ್ದು ಓಡುವಾಗ.

ಟಯರಿನ ಪಕ್ಕೆಯ ಮೇಲೆ ಜಾತಕ ಬರೆದೇ ಇರುತ್ತದೆ. 185/65 ಆರ್ 15 ಅಂದರೆ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ಒಳಗಿನ ರಿಮ್ಮು 15 ಇಂಚು. ಎಲ್ಲ ಕೂಡಿಸಿದರೆ ಚಕ್ರದ ಒಟ್ಟು ಎತ್ತರ ಸುಮಾರು 621 ಮಿ.ಮೀ. ರಿಮ್ಮು ದೊಡ್ಡದಾದಷ್ಟೂ ರಬ್ಬರು ತೆಳುವಾಗಬೇಕು, ಒಟ್ಟು ಎತ್ತರ ಹೆಚ್ಚೂಕಡಿಮೆ ಅಷ್ಟೇ ಉಳಿಯಬೇಕು. 205/45 ಆರ್ 17 ಹಾಕಿದರೆ 616 ಬರುತ್ತದೆ, ಲೆಕ್ಕ ಕೂಡುತ್ತದೆ. ಆದರೆ ಅಂಗಡಿಯಲ್ಲಿ ಸ್ಟಾಕ್ ಇರುವುದು 225/55. ಅದರ ಎತ್ತರ 679. ನಾಲ್ಕು ಜನ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಯರು ಮಡ್‌ಗಾರ್ಡ್‌ಗೆ ಉಜ್ಜಿ ಗರ್ ಅನ್ನುತ್ತದೆ. ನಮ್ಮ ಹುಡುಗರಿಗೆ ಅದೂ ರೇಸ್ ಕಾರಿನ ಸದ್ದೇ.

ಚಕ್ರ ಹಿಗ್ಗಿದ ಸುದ್ದಿ ಮೀಟರಿಗೆ ಯಾರೂ ಹೇಳಿರುವುದಿಲ್ಲ. ಮುಳ್ಳು 80 ತೋರಿಸುವಾಗ ಗಾಡಿ 87ರಲ್ಲಿ ಓಡುತ್ತಿರುತ್ತದೆ. 109 ಕಿ.ಮೀ. ಹೋದರೂ ಮೀಟರಿನಲ್ಲಿ 100 ಅಂತಲೇ ಬೀಳುತ್ತದೆ. ಭಾರದ ರಿಮ್ಮಿಗೆ ಪೆಟ್ರೋಲು ಬೇರೆ ಜಾಸ್ತಿ. ಆಮೇಲೆ ಬಂಕಿಗೆ ಹೋಗಿ, "ಏನ್ರೀ, ಅಳತಿ ಕಮ್ಮಿ ಹಾಕ್ತೀರಿ?" ಅಂತ ಜಗಳ. ಬಂಕಿನ ಹುಡುಗ ಬೈಸಿಕೊಂಡು ಸುಮ್ಮನೆ ನಿಂತಿರುತ್ತಾನೆ.

ಇನ್ನು ತೂಕ. ಅದೇ ಪಕ್ಕೆಯ ಮೇಲೆ 88 ಅಂತ ಇದ್ದರೆ ಒಂದು ಟಯರು 560 ಕಿಲೊ ಹೊರುತ್ತದೆ, 84 ಇದ್ದರೆ 500 ಕಿಲೊ. ಲೆಕ್ಕ ಕೂಡಿದ 205/45ನ್ನೇ ಹುಡುಕಿ ತಂದರೂ ಬಹಳ ಸಲ ಸಿಗುವುದು 84ರದ್ದು. ಅಲ್ಲಿಗೆ ನಾಲ್ಕು ಚಕ್ರದಲ್ಲಿ 240 ಕಿಲೊ ಖೋತಾ. ಅದರಲ್ಲಿ ಕುರುಗೋಡು ಜಾತ್ರೆಗೆ ಅತ್ತೆ, ಮಾವ, ಇಬ್ಬರು ನಾದಿನಿಯರು, ತೊಡೆ ಮೇಲೆ ಮಕ್ಕಳು. ಡಿಕ್ಕಿಯಲ್ಲಿ 15 ಇಂಚಿನ ಹಳೇ ಸ್ಟೆಪ್ನಿ, ಅದರ ಮೇಲೆ ರೊಟ್ಟಿ ಬುತ್ತಿ.

ಇಷ್ಟೆಲ್ಲ ಸರಿಯಾಗಿಯೇ ಮಾಡಿದೆವು ಅನ್ನಿ. 65ರ ಟಯರಿನಲ್ಲಿ ಪಕ್ಕೆಯ ಎತ್ತರ 120 ಮಿ.ಮೀ., 45ರದ್ದರಲ್ಲಿ 92. ಹೋದ 28 ಮಿ.ಮೀ. ಏನು ಗೊತ್ತೇ? ತಗ್ಗಿಗೂ ರಿಮ್ಮಿಗೂ ನಡುವೆ ನಿಂತು ಏಟು ತಿನ್ನುತ್ತಿದ್ದ ಗಾಳಿ. ಖಡಕ್ ರೊಟ್ಟಿಯಂಥ ಆ ಟಯರು ಹಾಕಿಕೊಂಡು ನಾವು ಇಳಿಯುವುದು ಅದಿರು ಲಾರಿಗಳು ತುಳಿದು ಹದ ಮಾಡಿದ ರಸ್ತೆಗೆ. ಈ ರಸ್ತೆ ಕಟ್ಟಿದವರ ಕೈಗೆ ಚಿನ್ನದ ಕಡಗ ತೊಡಿಸಬೇಕು. ದೊಡ್ಡ ದೊಡ್ಡ ಟಯರ್ ಕಂಪನಿಗಳು ಪರೀಕ್ಷೆಗೆಂದು ಕೋಟಿಗಟ್ಟಲೆ ಸುರಿದು ಟ್ರ್ಯಾಕ್ ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಸಂಡೂರು ಕಡೆ ಹೊರಟರೆ ಸಾಕು, ಎಲ್ಲ ಪರೀಕ್ಷೆ ಪುಕ್ಕಟೆ. ಫಲಿತಾಂಶ ಸ್ಥಳದಲ್ಲೇ: ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು, ರಿಮ್ಮಿನಲ್ಲಿ ಬೆಂಡು. ಬೆಂಡು ತೆಗೆಯುವವನು ಬಡಿದು ಬಡಿದು ಸರಿ ಮಾಡಿ, "ಇನ್ನೊಂದ್ಸಲ ಬಂದ್ರ ಆಗಲ್ಲ ನೋಡ್ರಿ" ಅನ್ನುತ್ತಾನೆ. ಇನ್ನೊಂದು ಸಲ ಬಂದರೂ ಬಡಿಯುತ್ತಾನೆ.

ಈ ರಸ್ತೆಗಳಿಗೆ ತಕ್ಕ ವಾಹನವನ್ನು ಸರಿಯಾಗಿ ಆರಿಸಿಕೊಂಡವರು ಗಣಿ ಕಾಲದ ಧಣಿಗಳೇ. ಹೆಲಿಕಾಪ್ಟರ್ ತಂದರು. ಅದಕ್ಕೆ ರಿಮ್ಮಿನ ಬೋಲ್ಟು ತೂತುಗಳ ಸುತ್ತಳತೆ ನೋಡುವ ಪಿಸಿಡಿ ಇಲ್ಲ, ರಿಮ್ಮು ಎಷ್ಟು ಒಳಗೆ ಕೂರಬೇಕೆನ್ನುವ ಆಫ್‌ಸೆಟ್ ಇಲ್ಲ, ತಗ್ಗು ಎಣಿಸುವ ಕೆಲಸವೂ ಇಲ್ಲ. ನೆಲದ ಮೇಲೆ ವಿದೇಶಿ ಕಾರುಗಳೂ ಇದ್ದವು, ಅವುಗಳ ಚಕ್ರ ನೋಡಿಯೇ ಅಲ್ಲವೇ ನಮ್ಮ ಹುಡುಗರ ಕಣ್ಣು ಕೆಟ್ಟಿದ್ದು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ಎಷ್ಟೋ ಲಾರಿಗಳು ಕಂತು ಕಟ್ಟಲಾಗದೆ ಫೈನಾನ್ಸಿನವರ ಅಂಗಳ ಸೇರಿದವು. ಗಣಿ ಮತ್ತೆ ಶುರುವಾಯಿತು, ಲಾರಿ ಮತ್ತೆ ಬಂದವು. ರಸ್ತೆ ಬರಲಿಲ್ಲ.

ಕಾನೂನು ಇಲ್ಲವೇ? ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಬಿಟ್ಟು ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇಟ್ಟರು, ಆರು ತಿಂಗಳವರೆಗೆ ಜೈಲೂ ಇದೆ. ಟಯರಿನ ಅಂಕಿ ಓದಬೇಕಾದರೆ ಬಗ್ಗಬೇಕು, ಅದಕ್ಕೇ ಕೇಸು ಕಮ್ಮಿ.

ನನ್ನ ತಕರಾರು ರಿಮ್ಮಿನ ಹುಡುಗರ ಮೇಲಲ್ಲ. ಅವರು ತಮ್ಮ ದುಡ್ಡು ತಾವು ಕಳೆದುಕೊಳ್ಳುತ್ತಾರೆ. 2015ರಲ್ಲಿ ಗಣಿ ಕಾಯ್ದೆ ತಿದ್ದಿ, ಗಣಿಯಿಂದ ಹಾಳಾದ ಜಿಲ್ಲೆಗಳಿಗೆಂದೇ ಖನಿಜ ಪ್ರತಿಷ್ಠಾನ ಮಾಡಿದರು. ಈ ನೆಲ ಅಗೆದು ತೆಗೆದದ್ದರ ಪಾಲು ಈ ನೆಲದವರಿಗೇ ಅಂದರು. ಆದರೂ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವವನು ಲಾರಿಯ ಹಿಂದೆ, ಕೆಂಪು ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ತಗ್ಗು ಹುಡುಕುತ್ತಾನೆ. ಅವನು ಬಿದ್ದರೆ ಒಂದು ಇಲಾಖೆ ಇನ್ನೊಂದರ ಕಡೆ ಕೈ ತೋರಿಸುತ್ತದೆ. ಬರೆದು ಬರೆದು ಸಾಕಾಗಿದೆ. ಓದಿ ನಿಮಗೂ ಸಾಕಾಗಿರಬೇಕು.

ರಿಮ್ಮು ಹಾಕಿಸಲೇಬೇಕು ಅನ್ನುವವರು ಡ್ರೈವರ್ ಬಾಗಿಲು ತೆಗೆದು ಅಲ್ಲಿ ಅಂಟಿಸಿರುವ ಚೀಟಿ ಓದಿ. ಅದೇ ಕಾರಿನ ಮೇಲಿನ ಮಾಡೆಲಿಗೆ ಕಂಪನಿಯೇ 16 ಕೊಟ್ಟಿದ್ದರೆ ಅದೇ ಅಳತೆ, ಅದೇ ತೂಕದ ಅಂಕಿಯ ಟಯರು ಹಾಕಿಸಿ, ಅಲ್ಲಿಗೆ ಸಾಕು ಮಾಡಿ. ಉಳಿದ ದುಡ್ಡಿನಲ್ಲಿ ಒಂದು ಡಬ್ಬ ಬಿಳಿ ಪೇಂಟು ತಂದು ನಿಮ್ಮ ಓಣಿಯ ಸ್ಪೀಡ್ ಬ್ರೇಕರಿಗೆ ನೀವೇ ಪಟ್ಟೆ ಬಳಿಯಿರಿ. ಬೇರೆ ಯಾರೂ ಬಳಿಯುವುದಿಲ್ಲ.