ಮನೆ ಹತ್ತಿರದ ಫಿಜಿಶಿಯನ್ ಮತ್ತು ಮಾತ್ರೆಯ ಡಬ್ಬಿ

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬಾಡಿಗೆ ಮನೆ, ಅಡುಗೆಯವರು, ಕಾಣೆಯಾದ ಬೆಕ್ಕು ಇವುಗಳ ನಡುವೆ ತಪ್ಪದೆ ಬರುವ ಪ್ರಶ್ನೆಯೊಂದಿದೆ: ‘ಹತ್ತಿರದಲ್ಲಿ ಒಳ್ಳೆಯ ಫಿಜಿಶಿಯನ್ ಇದ್ದರೆ ತಿಳಿಸಿ.’ ಉತ್ತರಗಳೂ ಅಷ್ಟೇ ತಪ್ಪದೆ ಬರುತ್ತವೆ. ಒಬ್ಬರು ‘ಕೈಗುಣ ಚೆನ್ನಾಗಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ವಿಪರೀತ ರಶ್, ಟೋಕನ್ ಸಿಗುವುದೇ ಕಷ್ಟ’ ಎಂಬುದನ್ನೇ ದೊಡ್ಡ ಅರ್ಹತೆಯಂತೆ ಹೇಳುತ್ತಾರೆ. ಮತ್ತೊಬ್ಬರು ರಿಂಗ್ ರಸ್ತೆಯ ದೊಡ್ಡ ಆಸ್ಪತ್ರೆಯ ಹೆಸರು ಹಾಕಿ ಕೈತೊಳೆದುಕೊಳ್ಳುತ್ತಾರೆ. ನ್ಯೂಜೆರ್ಸಿಯಲ್ಲಿರುವ ಮಕ್ಕಳಂತೂ ಅಲ್ಲಿಂದಲೇ ಗೂಗಲ್ ನಕ್ಷತ್ರ ಎಣಿಸಿ ಮೈಸೂರಿನ ಅಪ್ಪನಿಗೆ ವೈದ್ಯರನ್ನು ಗೊತ್ತುಮಾಡುತ್ತಾರೆ. ಆ ನಕ್ಷತ್ರಗಳ ಕೆಳಗೆ ಜನ ಬರೆದಿರುವುದನ್ನು ಒಮ್ಮೆ ಓದಿ. ಅರ್ಧ ಪಾರ್ಕಿಂಗ್ ಬಗ್ಗೆ, ಇನ್ನರ್ಧ ರಿಸೆಪ್ಷನ್‌ನಲ್ಲಿ ಕೂತವರ ಸಿಡುಕಿನ ಬಗ್ಗೆ.

ವಯಸ್ಸಾದವರಿರುವ ಮನೆಗಳಲ್ಲಿ ತಜ್ಞರಿಗೇನೂ ಕೊರತೆಯಿಲ್ಲ. ಹೃದಯಕ್ಕೊಬ್ಬರು, ಮಂಡಿಗೊಬ್ಬರು, ಸಕ್ಕರೆಗೊಬ್ಬರು ಇದ್ದೇ ಇರುತ್ತಾರೆ. ಇವರೆಲ್ಲ ಬರೆದುಕೊಟ್ಟ ಚೀಟಿಗಳನ್ನು ಒಟ್ಟಿಗೆ ಹರಡಿಕೊಂಡು ಓದುವವರೇ ಇರುವುದಿಲ್ಲ. ಫಿಜಿಶಿಯನ್, ಅಂದರೆ ಜನರಲ್ ಮೆಡಿಸಿನ್ ಓದಿದ ವೈದ್ಯರು, ನಮಗೆ ಬೇಕಾಗಿರುವುದು ಮುಖ್ಯವಾಗಿ ಈ ಕೆಲಸಕ್ಕೆ.

ನನ್ನ ಸೋದರತ್ತೆಯ ಕಾಲು ಊದಿಕೊಂಡ ಕಥೆ ಕೇಳಿ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು ಆಮ್ಲೋಡಿಪಿನ್ ಕೊಟ್ಟಿದ್ದರು. ಆಮೇಲೆ ಹೃದ್ರೋಗ ತಜ್ಞರು ಬೇರೆ ಮಾತ್ರೆ ಬರೆದರು. ಅದು ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಎರಡೂ ಸೇರಿದ ಮಾತ್ರೆ. ಹೆಸರು ಬೇರೆ, ಬಣ್ಣ ಬೇರೆ, ಹಾಗಾಗಿ ಅತ್ತೆ ಎರಡನ್ನೂ ಭಕ್ತಿಯಿಂದ ನುಂಗುತ್ತಿದ್ದರು. ಆಮ್ಲೋಡಿಪಿನ್ ಹೆಚ್ಚಾದರೆ ಪಾದ ಊದಿಕೊಳ್ಳುವುದು ತೀರ ಸಾಮಾನ್ಯ. ಊತ ಕಂಡ ಇನ್ನೊಬ್ಬರು ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸಿದರು. ಮಂಡಿಗೆ ಕೊಟ್ಟಿದ್ದ ನೋವಿನ ಮಾತ್ರೆ ಬೇರೆ ಇತ್ತು; ದಿನಾ ತೆಗೆದುಕೊಂಡರೆ ಅದು ರಕ್ತದೊತ್ತಡವನ್ನು ಏರಿಸುತ್ತದೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಒಂದು ಮಾತ್ರೆ ಇಳಿಸಿದ್ದನ್ನು ಇನ್ನೊಂದು ಏರಿಸುತ್ತಿತ್ತು.

ಕೊನೆಗೆ ಮನೆಯ ಹಿಂದಿನ ರಸ್ತೆಯಲ್ಲಿ ಸಂಜೆ ಹೊತ್ತು ಕ್ಲಿನಿಕ್ ನಡೆಸುವ ಫಿಜಿಶಿಯನ್ ಬಳಿ ಹೋದೆವು. ಅವರು ಸ್ಟೆತಸ್ಕೋಪ್ ಎತ್ತುವ ಮುಂಚೆ ‘ಅಮ್ಮಾ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದಿದ್ದೀರಾ?’ ಎಂದು ಕೇಳಿದರು. ಅತ್ತೆ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ವೈದ್ಯರು ಒಂದೊಂದೇ ಸ್ಟ್ರಿಪ್ ತಿರುಗಿಸಿ, ಹಿಂಬದಿಯ ಸಣ್ಣಕ್ಷರ ಓದಿ, ಒಳಗಿನ ಔಷಧ ಒಂದೇ ಆಗಿದ್ದವನ್ನು ಒಟ್ಟಿಗೆ ಜೋಡಿಸಿದರು. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ಕೂಡ ಎರಡು ಹೆಸರಿನಲ್ಲಿತ್ತು. ಡಬ್ಬಿಗೆ ಮರಳಿದ ಸ್ಟ್ರಿಪ್‌ಗಳು ಅರ್ಧಕ್ಕಿಂತ ಕಡಿಮೆ. ಹೊಸದಾಗಿ ಬರೆದದ್ದು ಏನೂ ಇಲ್ಲ. ಅತ್ತೆಗೆ ಅದೇ ಬೇಸರ. ‘ಇಷ್ಟು ಫೀಸು ಕೊಟ್ಟರೂ ಒಂದು ಮಾತ್ರೆ ಬರೆಯಲಿಲ್ಲವಲ್ಲ’ ಎಂದು ದಾರಿಯುದ್ದಕ್ಕೂ ಗೊಣಗಿದರು.

ಒಂದು ಎಚ್ಚರಿಕೆ: ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ. ಡಬ್ಬಿ ಹೊತ್ತುಕೊಂಡು ಹೋಗಿ, ಅಷ್ಟೇ.

ಇನ್ನು ಬೋರ್ಡಿನ ವಿಷಯ. ‘ಎಂ.ಡಿ.’ ಎಂದು ಬರೆದ ಮಾತ್ರಕ್ಕೆ ಫಿಜಿಶಿಯನ್ ಎಂದುಕೊಳ್ಳಬೇಕಾಗಿಲ್ಲ. ಔಷಧಶಾಸ್ತ್ರದಲ್ಲಿ ಎಂ.ಡಿ. ಇದೆ, ಸಮುದಾಯ ವೈದ್ಯಶಾಸ್ತ್ರದಲ್ಲಿ ಇದೆ, ಆಯುರ್ವೇದದಲ್ಲೂ ಇದೆ. ನಿಮಗೆ ಬೇಕಾದದ್ದು ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷದ ಜನರಲ್ ಮೆಡಿಸಿನ್ ಎಂ.ಡಿ. ಅಥವಾ ಅದೇ ವಿಷಯದಲ್ಲಿ ಅದಕ್ಕೆ ಸಮನಾದ ಡಿ.ಎನ್.ಬಿ. ‘ಮಧುಮೇಹ ತಜ್ಞರು’ ಎಂದು ದಪ್ಪಕ್ಷರದಲ್ಲಿದ್ದರೆ ಕೆಳಗಿನ ಸಣ್ಣಕ್ಷರವನ್ನೂ ಓದಿ. ಕೆಲವೊಮ್ಮೆ ಅದು ಎಂ.ಬಿ.ಬಿ.ಎಸ್. ಮೇಲೆ ಮಾಡಿದ ಸಣ್ಣ ಕೋರ್ಸ್ ಆಗಿರುತ್ತದೆ. ಅನುಭವವಿರುವ ಎಂ.ಬಿ.ಬಿ.ಎಸ್. ವೈದ್ಯರ ಬಗ್ಗೆ ನನಗೆ ಗೌರವವೇ ಇದೆ, ನೆಗಡಿ ಕೆಮ್ಮಿಗೆಲ್ಲ ಎಂ.ಡಿ. ಹುಡುಕುವುದು ಅತಿ. ಆದರೆ ಇರುವುದನ್ನು ಇರುವಂತೆ ಬರೆದುಕೊಳ್ಳಬೇಕು. ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲೂ ಚೀಟಿಯಲ್ಲೂ ರಸೀದಿಯಲ್ಲೂ ಹಾಕಬೇಕೆಂದು 2002ರ ವೃತ್ತಿ ನಿಯಮಗಳೇ ಹೇಳುತ್ತವೆ. ಖಾಸಗಿ ಕ್ಲಿನಿಕ್‌ಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಅಲೋಪತಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಫಲಕ ಇರಬೇಕೆಂದು ಆರೋಗ್ಯ ಇಲಾಖೆ 2024ರಲ್ಲಿ ಸೂಚಿಸಿದ್ದೂ ಇದೇ ಗೊಂದಲ ತಪ್ಪಿಸಲೆಂದು.

ಕೈಗುಣಕ್ಕೆ ಬರುತ್ತೇನೆ. ಜ್ವರ ಬಂದ ದಿನವೇ ಸೂಜಿ ಚುಚ್ಚಿ, ಆ್ಯಂಟಿಬಯಾಟಿಕ್ ಬರೆದು, ಮಾರನೆಯ ದಿನವೇ ರೋಗಿಯನ್ನು ಎಬ್ಬಿಸಿ ಕೂರಿಸುವವರಿಗೆ ನಮ್ಮಲ್ಲಿ ಕೈಗುಣದ ಪ್ರಶಸ್ತಿ ಬೇಗ ಸಿಗುತ್ತದೆ. ಆ ಸೂಜಿಯಲ್ಲಿ ಸ್ಟೀರಾಯ್ಡ್ ಇದ್ದರೆ ಯಾರ ಕೈಯಿಂದ ಚುಚ್ಚಿಸಿಕೊಂಡರೂ ಮೈ ಹಗುರವಾಗುತ್ತದೆ! ಮಳೆಗಾಲದಲ್ಲಿ ಡೆಂಗಿ ಜ್ವರ ಶುರುವಾದಾಗ ಫಿಜಿಶಿಯನ್ ಎಂಥವರೆಂದು ತಿಳಿದುಬಿಡುತ್ತದೆ. ಒಳ್ಳೆಯವರು ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ ಎನ್ನುತ್ತಾರೆ, ನೀರು ಎಷ್ಟು ಕುಡಿದಿರಿ, ಮೂತ್ರ ಹೋಗುತ್ತಿದೆಯೇ ಎಂದು ಕೇಳುತ್ತಾರೆ. ಬಹಳ ಮುಖ್ಯವಾಗಿ, ಜ್ವರ ಇಳಿದ ಮೇಲೂ ಬಂದು ತೋರಿಸಿ ಎನ್ನುತ್ತಾರೆ. ಡೆಂಗಿಯಲ್ಲಿ ಅಪಾಯದ ಅವಧಿ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ ಎಂದು ಬಿಡಿಸಿ ಹೇಳುತ್ತಾರೆ. ನಮ್ಮ ಜನ ಇದನ್ನೆಲ್ಲ ಕೇಳಿಸಿಕೊಂಡು ಹೊರಗೆ ಬಂದು ಪರಂಗಿ ಎಲೆಯ ರಸ ಹುಡುಕುತ್ತಾರೆ, ಅದು ಬೇರೆ ಮಾತು.

ಹುಡುಕುವುದಾದರೆ ಮೈಯಲ್ಲಿ ಆರೋಗ್ಯ ಇರುವಾಗಲೇ ಹುಡುಕಿ. 103 ಡಿಗ್ರಿ ಜ್ವರದಲ್ಲಿ ಆರಿಸುವ ಶಕ್ತಿ ಯಾರಿಗಿರುತ್ತದೆ? ಮೈಸೂರಿನಂಥ ಊರಿನಲ್ಲಿ ಬೆಳಿಗ್ಗೆ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿ ಸಂಜೆ ಸ್ವಂತ ಕ್ಲಿನಿಕ್‌ನಲ್ಲಿ ಕೂರುವ ಫಿಜಿಶಿಯನ್‌ಗಳು ಬೇಕಾದಷ್ಟು ಜನ ಇದ್ದಾರೆ. ಒಂದು ಮಾಮೂಲಿ ರಕ್ತದೊತ್ತಡ ತಪಾಸಣೆಗೆಂದು ಹೋಗಿ ನೋಡಿ. ನಡೆದುಕೊಂಡು ಬಂದವರನ್ನು ಐದು ನಿಮಿಷ ಕೂರಿಸಿ ಪಟ್ಟಿ ಕಟ್ಟುತ್ತಾರೋ, ಬಂದ ಕೂಡಲೇ ಅಂಗಿಯ ತೋಳಿನ ಮೇಲೆಯೇ ಕಟ್ಟುತ್ತಾರೋ ಗಮನಿಸಿ. ಇಂಥದೇ ಲ್ಯಾಬಿಗೆ ಹೋಗಬೇಕು, ಬೇರೆ ಕಡೆಯದು ಒಪ್ಪುವುದಿಲ್ಲ ಎಂದರೆ ಯಾಕೆಂದು ಕೇಳಿ. ಕಮಿಷನ್ ಪಡೆಯುವುದನ್ನು ಅದೇ 2002ರ ನಿಯಮಗಳು ನಿಷೇಧಿಸಿವೆ. ದಾಖಲು ಮಾಡಬೇಕಾಗಿ ಬಂದರೆ ಎಲ್ಲಿಗೆ ಕಳಿಸುತ್ತೀರಿ, ಅಲ್ಲಿ ನೀವೇ ಬಂದು ನೋಡುತ್ತೀರಾ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಫೀಸು ಭಾರವಾಗುವವರಿಗೆ ಸರ್ಕಾರಿ ಕೆ.ಆರ್. ಆಸ್ಪತ್ರೆಯ ಮೆಡಿಸಿನ್ ವಿಭಾಗವಿದೆ, ಬಡಾವಣೆಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆ. ಸಾಲು ಉದ್ದ, ಆದರೆ ಬೀಳುಗಳೆಯುವ ಜಾಗಗಳಲ್ಲ.

ವಯಸ್ಸಿನ ಬಗ್ಗೆಯೂ ಹೇಳಬೇಕು. ನರೆಗೂದಲಿದ್ದರೇ ನಂಬಿಕೆ ಎನ್ನುವ ಹಿರಿಯರು ಬಹಳ. ಎಪ್ಪತ್ತರ ವೈದ್ಯರನ್ನು ನೆಚ್ಚಿಕೊಂಡ ಅರವತ್ತರ ರೋಗಿಗೆ ಇನ್ನೈದು ವರ್ಷದಲ್ಲಿ ಮತ್ತೆ ಹುಡುಕಾಟ ತಪ್ಪಿದ್ದಲ್ಲ. ನಲವತ್ತರ ಆಸುಪಾಸಿನವರನ್ನು ಆರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಳೆಯ ವೈದ್ಯರು ಕ್ಲಿನಿಕ್ ಮುಚ್ಚುವ ಸುಳಿವು ಸಿಕ್ಕರೆ ನಿಮ್ಮ ದಾಖಲೆಗಳ ಪ್ರತಿಯನ್ನು ಈಗಲೇ ಕೇಳಿ ತೆಗೆದುಕೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಹೊಸಬರಲ್ಲಿ ಯಾರಾದರೆ ಒಳ್ಳೆಯದು ಎಂದು ಕೇಳಿದರೆ ಬಹುಪಾಲು ಅವರೇ ತಮ್ಮ ಶಿಷ್ಯರೊಬ್ಬರ ಹೆಸರು ಬರೆದುಕೊಡುತ್ತಾರೆ.