ಸೀಟು ಸಿಕ್ಕರೆ ಮಗಳನ್ನು ಕಳಿಸುತ್ತೀರಾ?

"ವಸತಿ ಶಾಲೆಗೆ ಅರ್ಜಿ ಹಾಕಬೇಕು ಮಿಸ್" ಅಂತ ಬರುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಕೇಳುವುದು ಇದೊಂದೇ. ಸೀಟು ಸಿಕ್ಕರೆ ಮಗಳನ್ನು ಕಳಿಸುತ್ತೀರಾ? ಕೆಲವರು ತಕ್ಷಣ ಹೂಂ ಅನ್ನುತ್ತಾರೆ. ಇನ್ನು ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡು "ಬರೀಲಿ ಬಿಡಿ ಮಿಸ್, ಆಮೇಲೆ ನೋಡಣ" ಅನ್ನುತ್ತಾರೆ. ಈ ಬರಹ ಆ ಎರಡನೇ ಗುಂಪಿನವರಿಗೆ.

ನಾನು ಮಧುಗಿರಿ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಐದನೇ ಕ್ಲಾಸಿನ ಮಕ್ಕಳಿಗೆ ಮೊರಾರ್ಜಿ, ಚೆನ್ನಮ್ಮ, ನವೋದಯ ವಸತಿ ಶಾಲೆಗಳ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗಳಿಗೆ ತಯಾರಿ ಮಾಡಿಸುವುದು ನಮ್ಮ ಶಾಲೆಯಲ್ಲಿ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿರುವುದನ್ನು ಹೇಳುತ್ತೇನೆ. ಹೆಣ್ಣು ಮಕ್ಕಳು ಆ ಪ್ರಶ್ನೆಪತ್ರಿಕೆಯಲ್ಲಿ ಸೋಲುವುದು ಕಮ್ಮಿ. ಅದಕ್ಕಿಂತ ಮೊದಲು ಕಾಗದಪತ್ರದಲ್ಲಿ ಸೋಲುತ್ತಾರೆ, ಮನೆಗೆಲಸದಲ್ಲಿ ಸೋಲುತ್ತಾರೆ. ಪಾಸಾದ ಮೇಲೂ ಮನೆಯವರ ಒಂದು ಮಾತಿನಲ್ಲಿ ಸೋಲುತ್ತಾರೆ.

ನಮ್ಮ ಜಿಲ್ಲೆಯವರಿಗೆ ಮಕ್ಕಳನ್ನು ದೂರ ಬಿಟ್ಟು ಓದಿಸುವುದು ಹೊಸದೇನಲ್ಲ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಹುಡುಗರು ಒಂದು ಪೈಸೆ ಕೊಡದೆ ಉಂಡು, ಉಳಿದು, ಓದುತ್ತಾರೆ. 2019ರಲ್ಲಿ 111 ವರ್ಷದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಊರೂರುಗಳಲ್ಲಿ ಜನ ಅತ್ತಿದ್ದು ಸುಮ್ನೆ ಅಲ್ಲ. ಎಷ್ಟೋ ಬಡವರ ಮನೆಯ ಮಗ ಅಲ್ಲಿ ಓದಿ ಮೇಷ್ಟ್ರಾಗಿದ್ದಾನೆ, ಇಂಜಿನಿಯರ್ ಆಗಿದ್ದಾನೆ. ಆದರೆ ಆ ಹಾಸ್ಟೆಲ್ ಇರುವುದು ಹುಡುಗರಿಗೆ. ಮಗನನ್ನು ಮಠಕ್ಕೆ ಬಿಟ್ಟು ಬಂದ ಅಮ್ಮ ನಾಲ್ಕು ದಿನ ಅಳುತ್ತಾಳೆ. ಐದನೇ ದಿನ "ನಮ್ಮ ಹುಡುಗ ಮಠದಲ್ಲಿ ಓದ್ತಾವ್ನೆ" ಅಂತ ಹೆಮ್ಮೆಯಿಂದ ಹೇಳುತ್ತಾಳೆ. ಅದೇ ಮನೆಯಲ್ಲಿ ಮಗಳ ವಿಷಯ ಬಂದರೆ, ಅದೇ ಹತ್ತು ವರ್ಷ, "ಇನ್ನೂ ಚಿಕ್ಕೋಳು ಮಿಸ್" ಅಂತ ಶುರುವಾಗುತ್ತದೆ. ಎರಡು ವರ್ಷ ಬಿಟ್ಟು ಕೇಳಿದರೆ "ದೊಡ್ಡೋಳಾಗೋ ವಯಸ್ಸು ಮಿಸ್." ಹಾಗಾದರೆ ಅವಳು ಹೋಗುವುದಕ್ಕೆ ಸರಿಯಾದ ವಯಸ್ಸು ಯಾವುದು ಹೇಳಿ?

ಬಡ ಮನೆಯ ಹುಡುಗಿಗೆ ನಮ್ಮ ಕಡೆ ಇರುವ ದಾರಿ ಹೆಚ್ಚಾಗಿ ಈ ಪರೀಕ್ಷೆಗಳೇ. ಮೊರಾರ್ಜಿ ದೇಸಾಯಿ ಶಾಲೆಗಳಲ್ಲಿ ಅರ್ಧ ಸೀಟು ಹುಡುಗಿಯರಿಗೆ. ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಬರೀ ಹುಡುಗಿಯರದ್ದೇ ಆದ ಶಾಲೆಗಳೂ ಇವೆ. ಆರರಿಂದ ಹತ್ತನೇ ಕ್ಲಾಸಿನವರೆಗೆ ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲಾ ಸರ್ಕಾರದ್ದು. ಇಲ್ಲಿ ಜನ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಕಿತ್ತೂರಿನಲ್ಲೇ 1969ರಲ್ಲಿ ಶುರುವಾದ ಹುಡುಗಿಯರ ಸೈನಿಕ ಶಾಲೆ ಒಂದಿದೆ, ಅದಕ್ಕೂ ರಾಣಿ ಚೆನ್ನಮ್ಮನ ಹೆಸರೇ. ನಮ್ಮ ಶಿರಾ ಮೇಲೆ ಹೋಗುವ ಹೈವೇ ಹಿಡಿದು ಧಾರವಾಡ ದಾಟಿದರೆ ಸಿಗುತ್ತದೆ. ಅದರ ಅರ್ಜಿ ಬೇರೆ, ಪರೀಕ್ಷೆ ಬೇರೆ, ಅಲ್ಲಿ ಫೀಸೂ ಇದೆ. ಒಂದಕ್ಕೆ ಹಾಕಿ ಇನ್ನೊಂದಕ್ಕೂ ಹಾಕಿದ್ದೇವೆ ಅಂದುಕೊಂಡು ಕೂರಬೇಡಿ.

"ಬರೀ ಹೆಣ್ಣು ಮಕ್ಕಳ ಸ್ಕೂಲಾದ್ರೆ ಕಳಿಸ್ತೀವಿ" ಅನ್ನುವ ಮನೆಗಳು ಬೇಕಾದಷ್ಟಿವೆ. ನಾನು ಅವರ ಜೊತೆ ವಾದ ಮಾಡುವುದಿಲ್ಲ. ಅದರಿಂದ ಹುಡುಗಿ ಹೊರಡುತ್ತಾಳೆ ಅಂದರೆ ಆ ಶಾಲೆಯನ್ನೇ ಅರ್ಜಿಯಲ್ಲಿ ಮೊದಲು ಹಾಕಿ. ಆದರೆ ಶಾಲೆಗಳ ಕ್ರಮ ಹಾಕುವಾಗ ಮನೆಯವರೆಲ್ಲ ಕೂತು ಮಾತಾಡಿ, ಮಗಳನ್ನೂ ಕೂರಿಸಿಕೊಳ್ಳಿ. ಸೈಬರ್ ಸೆಂಟರ್ ಹುಡುಗನಿಗೆ "ಯಾವುದಾದ್ರೂ ಹಾಕಪ್ಪ" ಅಂತ ಬಿಟ್ಟು ಬರುತ್ತಾರೆ. ಆಮೇಲೆ ಯಾವುದೋ ಮೂಲೆಯ ಶಾಲೆ ಸಿಕ್ಕಾಗ ದೂರ ಆಯ್ತು ಅಂತ ಬಿಡುತ್ತಾರೆ. ಕೊಟ್ಟ ಕ್ರಮ, ಬಂದ ಅಂಕ, ಮೀಸಲಾತಿ ನೋಡಿಯೇ ಸೀಟು ಹಂಚುವುದು.

ಕಾಗದಪತ್ರದ ವಿಷಯ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಶಾಲೆಯ ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ) ನಂಬರ್ ಬೇಕು, ಆಧಾರ್ ಬೇಕು. ತೊಂದರೆ ಬರುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಇರುತ್ತದೆ, ಸ್ಯಾಟ್ಸ್‌ನಲ್ಲಿ ಇರುವುದಿಲ್ಲ. ಒಂದರಲ್ಲಿ ಭಾಗ್ಯ, ಇನ್ನೊಂದರಲ್ಲಿ ಭಾಗ್ಯಮ್ಮ. ಮಗನದ್ದಾದರೆ ಮೊದಲ ವರ್ಷವೇ ಓಡಾಡಿ ಸರಿ ಮಾಡಿಸಿರುತ್ತಾರೆ, ಮಗಳದ್ದು "ಮದುವೆ ಹೊತ್ತಿಗೆ ಮಾಡಿಸಿದ್ರಾಯ್ತು" ಅಂತ ಹಾಗೇ ಬಿದ್ದಿರುತ್ತದೆ. ಕೊನೇ ದಿನ ನಾಡಕಚೇರಿಯಲ್ಲಿ ಸರ್ವರ್ ಇಲ್ಲ, ಅರ್ಜಿ ನಿಂತುಹೋಗುತ್ತದೆ. ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯಲ್ಲೇ ಇದನ್ನು ಮುಗಿಸಿಕೊಳ್ಳಿ ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ. ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆ, ಅಂಗವಿಕಲ ಮಕ್ಕಳಿಗೆ ಈ ಶಾಲೆಗಳಲ್ಲಿ ಪ್ರತ್ಯೇಕ ಅವಕಾಶ ಇದೆ. ಅಂಥ ಮಗು ನಿಮ್ಮ ಊರಲ್ಲಿದ್ದರೆ ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗಿ, ಅವರಷ್ಟಕ್ಕೇ ಗೊತ್ತಾಗುವುದಿಲ್ಲ.

ನವೋದಯಕ್ಕೆ ಇನ್ನೊಂದು ನಿಯಮ ಇದೆ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಸೀಟಿನಲ್ಲಿ ಕನಿಷ್ಠ ನೂರಕ್ಕೆ 75 ಭಾಗ ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಆದರೆ ಹಳ್ಳಿ ಕೋಟಾ ಬೇಕು ಅಂದರೆ ಮೂರು, ನಾಲ್ಕು, ಐದು ಮೂರೂ ಕ್ಲಾಸನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಒಳ್ಳೇ ಇಂಗ್ಲಿಷ್ ಬರಲಿ ಅಂತ ನಾಲ್ಕನೇ ಕ್ಲಾಸಿಗೆ ತುಮಕೂರಿನ ಕಾನ್ವೆಂಟಿಗೆ ಹಾಕಿದರೆ ಆ ಕೋಟಾ ಹೋಯಿತು. ಆರನೇ ಕ್ಲಾಸಿನ ಪರೀಕ್ಷೆ ಬರೆಯುವುದಕ್ಕೂ ಒಂದೇ ಸಲ ಅವಕಾಶ.

ಈಗ ಓದಿನ ವಿಷಯ. ನವೋದಯದ್ದು ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬರೀ ಚಿತ್ರಗಳದ್ದು, ಅದಕ್ಕೇ 50 ಅಂಕ. ಗಣಿತ 20 ಪ್ರಶ್ನೆ, ಭಾಷೆ 20 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಕನ್ನಡದಲ್ಲೇ ಬರೆಯಬಹುದು. ಚಿತ್ರದ ಪ್ರಶ್ನೆಗಳಿಗೆ ದುಬಾರಿ ಪುಸ್ತಕ ಬೇಕಿಲ್ಲ ಅಂತ ನಾನು ಜಗಳ ಆಡಿಯಾದರೂ ಹೇಳುತ್ತೇನೆ. ಕನ್ನಡಿಯಲ್ಲಿ ಚಿತ್ರ ಹೇಗೆ ಕಾಣುತ್ತದೆ ಅನ್ನುವ ಪ್ರಶ್ನೆಗೆ ಮನೆಯ ಕನ್ನಡಿಯನ್ನೇ ಕೈಗೆ ಕೊಡಿ. ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ಹೇಗಿರುತ್ತದೆ ಅನ್ನುವುದಕ್ಕೆ ಹಳೇ ಪೇಪರ್ ಮಡಚಿ ಪಿನ್ನಿನಲ್ಲಿ ಚುಚ್ಚಿಸಿ. ಒಂದು ವಾರ ಕೈಯಲ್ಲಿ ಮಾಡಿದ ಮಗು ಆಮೇಲೆ ಕಣ್ಣಲ್ಲೇ ಮಾಡುತ್ತದೆ. ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುವ ನಮ್ಮ ಹುಡುಗಿಯರು ಅರ್ಧ ಚಿತ್ರ ಪೂರ್ತಿ ಮಾಡುವ ಪ್ರಶ್ನೆಯನ್ನು ಎಷ್ಟು ಬೇಗ ಹಿಡಿಯುತ್ತಾರೆ ಅಂದರೆ ನೋಡುವುದಕ್ಕೇ ಖುಷಿ.

ಗಣಿತದ ಅಭ್ಯಾಸಕ್ಕೆ ಅಮ್ಮನ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ ತೆಗೆಸುತ್ತೇನೆ. ಎಷ್ಟು ಸಾಲ, ಎಷ್ಟು ಬಡ್ಡಿ, ಎಷ್ಟು ತಿಂಗಳು ಅಂತ ಮಗಳೇ ಲೆಕ್ಕ ಹಾಕಲಿ. ಲಾಭ ನಷ್ಟಕ್ಕೆ ಈ ಸಲ ಶೇಂಗಾ ಮಾರಿದ ಲೆಕ್ಕ ಇದೆ. ಲಸಾಅ, ಮಸಾಅ, ಭಿನ್ನರಾಶಿಗೆ ಮಾತ್ರ ದಿನಾ ಕೂತು ಮಾಡುವ ಅಭ್ಯಾಸ ಬೇಕು. ಭಾಷೆಗೆ ಓದಿಸುವುದೊಂದೇ ದಾರಿ. ಒಂದು ಪ್ಯಾರಾ ಓದಿ "ಏನು ಹೇಳಿದ್ದಾರೆ ಹೇಳು" ಅಂದರೆ ಸಾಕು. ಓದುಬಾರದ ಅಜ್ಜಿಗೆ ದಿನಾ ಪೇಪರ್ ಓದಿ ಹೇಳುವ ಹುಡುಗಿಗೆ ಈ ಭಾಗ ಕಷ್ಟವೇ ಆಗುವುದಿಲ್ಲ. ಮೊರಾರ್ಜಿ, ಚೆನ್ನಮ್ಮ ಪರೀಕ್ಷೆಗೆ ಐದನೇ ಕ್ಲಾಸಿನ ಪಾಠಪುಸ್ತಕ ಸರಿಯಾಗಿ ಓದಿರಬೇಕು. ಉತ್ತರ ಗುರುತು ಮಾಡುವ ಒಎಂಆರ್ ಶೀಟಿನಲ್ಲಿ ವೃತ್ತ ತುಂಬುವುದನ್ನು ಮೊದಲೇ ಮಾಡಿಸಿ. ಉತ್ತರ ಗೊತ್ತಿದ್ದೂ ಒಂದು ಸಾಲು ತಪ್ಪಿ ತುಂಬಿ, ಮುಂದಿನದೆಲ್ಲ ಜಾರಿಸಿಕೊಂಡು, ಹೊರಗೆ ಬಂದು ಅಳುವ ಮಕ್ಕಳನ್ನು ನೋಡುವುದಕ್ಕಾಗುವುದಿಲ್ಲ.

ಇದಕ್ಕೆಲ್ಲ ಅವಳಿಗೆ ಹೊತ್ತು ಬೇಕಲ್ವಾ? ನಮ್ಮ ಕಡೆ ಈ ಪರೀಕ್ಷೆ ಬರುವ ಕಾಲಕ್ಕೇ ಹುಣಸೆಹಣ್ಣಿನ ಕೆಲಸವೂ ಬರುತ್ತದೆ. ಸಂಜೆ ಹೊತ್ತು ಅಮ್ಮನ ಜೊತೆ ಹುಣಸೆ ಕುಟ್ಟಿ ಬೀಜ ತೆಗೆಯುವುದಕ್ಕೆ ಕೂರುವುದು ಮಗಳು. ತಮ್ಮನನ್ನು ಎತ್ತಿಕೊಳ್ಳುವುದು, ನೀರು ಹಿಡಿಯುವುದು, ಪಾತ್ರೆ ತೊಳೆಯುವುದು ಅವಳೇ. ಅಣ್ಣ ಟ್ಯೂಷನ್‌ಗೆ ಹೋಗಿರುತ್ತಾನೆ. ಆ ಕೂಲಿ ಮನೆಗೆ ಬೇಕು, ನನಗೆ ಗೊತ್ತು, ಅಮ್ಮನ ಬೆರಳು ಸಿಡಿಯುವವರೆಗೆ ಕುಟ್ಟುವುದನ್ನೂ ನೋಡಿದ್ದೇನೆ. ಅದಕ್ಕೇ ಹೆಚ್ಚು ಕೇಳುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯಬಾರದು. ಅವಳ ಕೆಲಸ ಅಣ್ಣನಿಗೆ ಬರಲಿ, ಅಪ್ಪನಿಗೆ ಬರಲಿ.

ಕೋಚಿಂಗ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಖಾರವಾಗೇ ಇರುತ್ತದೆ. ಒಂಬತ್ತು ಹತ್ತು ವರ್ಷದ ಮಗುವನ್ನು ಶಾಲೆ ಬಿಡಿಸಿ, ಬೆಳಗ್ಗೆ ಐದಕ್ಕೆ ಎಬ್ಬಿಸಿ, ರಾತ್ರಿವರೆಗೂ ಪ್ರಶ್ನೆಪತ್ರಿಕೆ ತಿಕ್ಕಿಸುವ ಕಡೆ ದುಡ್ಡು ಸುರಿಯಬೇಡಿ. ಸಾಲ ಮಾಡಿ ಸೇರಿಸಿದರೆ ಸೀಟು ಸಿಗದ ದಿನ ಆ ಸಾಲದ ಭಾರವೂ ಆ ಮಗುವಿನ ತಲೆ ಮೇಲೇ ಬೀಳುತ್ತದೆ. "ನಿನಗೆ ಇಷ್ಟು ಖರ್ಚು ಮಾಡಿದೆ" ಅನ್ನುವ ಮಾತು ಹುಡುಗಿಯರ ಕಿವಿಗೆ ಬಿದ್ದಷ್ಟು ಹುಡುಗರ ಕಿವಿಗೆ ಬೀಳುವುದಿಲ್ಲ.

ಇನ್ನು ಪಾಸಾದ ಮೇಲಿನ ಮಾತು. ನನ್ನ ಕ್ಲಾಸಿನ ಒಬ್ಬ ಹುಡುಗಿಗೆ ಒಳ್ಳೇ ಶಾಲೆಯಲ್ಲಿ ಸೀಟು ಬಂದಿತ್ತು. ಸೇರುವುದಕ್ಕೆ ಕೊಟ್ಟಿದ್ದ ದಿನ ಮುಗಿಯುತ್ತಾ ಬಂತು. ಅವರ ಮನೆಗೆ ಹೋದೆ. ಅಜ್ಜಿ ಹೇಳಿದ್ದು ಇಷ್ಟೇ. "ನೀವು ಓದಿಸಿ ಕಳಿಸ್ಬುಡ್ತೀರಿ ಮಿಸ್, ನಾಳೆ ಏನಾದ್ರೂ ಆದ್ರೆ ಊರೋರು ನಮ್ಮನ್ನ ಕೇಳ್ತಾರೆ." ಆ ಅಜ್ಜಿ ಕೆಟ್ಟವರಲ್ಲ, ಅವರಿಗೆ ಭಯ. ಸೀಟು ಇನ್ನೊಬ್ಬರಿಗೆ ಹೋಯಿತು. ಹುಡುಗಿ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ನನಗೆ ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆ ಭಯಕ್ಕೆ ಬರೀ ಬುದ್ಧಿಮಾತು ಸಾಲದು. ಅರ್ಜಿ ಹಾಕುವ ಮೊದಲೇ ಒಂದು ದಿನ ಅಜ್ಜಿಯನ್ನೂ ಕರೆದುಕೊಂಡು ಶಾಲೆಗೆ ಹೋಗಿ. ವಾರ್ಡನ್ ಹೆಂಗಸಾ? ರಾತ್ರಿ ಅಲ್ಲೇ ಇರುತ್ತಾರಾ? ಬಚ್ಚಲು, ಕಕ್ಕಸಿಗೆ ಚಿಲಕ ಇದೆಯಾ, ನೀರು ಬರುತ್ತದಾ? ಮುಟ್ಟಾದರೆ ಯಾರಿಗೆ ಹೇಳಬೇಕು, ಪ್ಯಾಡ್ ಕೊಡುತ್ತಾರಾ? ಫೋನು ಮಾಡಿಸುವುದು ಯಾವ ದಿನ? ಜ್ವರ ಬಂದರೆ ಯಾವ ಆಸ್ಪತ್ರೆ? ಎಲ್ಲಾ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ, ಉತ್ತರ ಕೊಡುವುದು ಅವರ ಕೆಲಸ. ಎಲ್ಲಾ ವಸತಿ ಶಾಲೆಗಳೂ ಚೆನ್ನಾಗಿವೆ ಅಂತ ನಾನು ಹೇಳುವುದಿಲ್ಲ. ಉತ್ತರ ಸರಿ ಬರದ ಶಾಲೆಯನ್ನು ಬಿಟ್ಟು ಬೇರೆಯದನ್ನು ಹಾಕಿ. ನವೋದಯದಲ್ಲಿ ಒಂಬತ್ತನೇ ಕ್ಲಾಸಿನ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಅದನ್ನೂ ಈಗಲೇ ಮನೆಯಲ್ಲಿ ಹೇಳಿಬಿಡಿ, ಆಗ ಗಾಬರಿಯಾಗುವುದು ಬೇಡ. ಒಂಬತ್ತರಿಂದ ಅಲ್ಲಿ ತಿಂಗಳ ಶುಲ್ಕ ಇದೆಯಂತೆ ಅಂತ ಹೆದರುವವರಿಗೂ ಒಂದು ಮಾತು. ಹುಡುಗಿಯರಿಗೆ ಅದು ಇಲ್ಲ.

ಸೀಟು ಸಿಗದೆಯೂ ಹೋಗಬಹುದು. ನವೋದಯದ ಆರನೇ ಕ್ಲಾಸಿಗೆ ಇರುವುದು ಹೆಚ್ಚೆಂದರೆ 80 ಸೀಟು, ಬರೆಯುವವರು ಜಿಲ್ಲೆಯ ಎಲ್ಲಾ ತಾಲೂಕಿನವರು. ಹತ್ತು ವರ್ಷದ ಮಗುವಿಗೆ ಇದನ್ನು ಪರೀಕ್ಷೆಗೆ ಮುಂಚೆಯೇ ಹೇಳಿ. ಆದರ್ಶ ವಿದ್ಯಾಲಯ ಇದೆ, ಮನೆಯಿಂದ ಓಡಾಡಬಹುದು. ಶಾಲೆ ಬಿಟ್ಟ, ತೀರಾ ಕಷ್ಟದಲ್ಲಿರುವ ಹುಡುಗಿಯರಿಗೆ ಕಸ್ತೂರ್ಬಾ ಬಾಲಿಕಾ ವಿದ್ಯಾಲಯ ಇದೆ, ಅದಕ್ಕೆ ಎಂಟ್ರೆನ್ಸ್ ಇಲ್ಲ. ನವೋದಯಕ್ಕೆ ಒಂಬತ್ತನೇ ಕ್ಲಾಸಿಗೆ ಖಾಲಿ ಸೀಟಿದ್ದರೆ ಮತ್ತೆ ಪರೀಕ್ಷೆ ನಡೆಯುತ್ತದೆ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸಿ, ಪಾಸಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಐದನೇ ಕ್ಲಾಸಿನಲ್ಲಿ ಕಾಗದ ಮಡಚಿ ಕಲಿತದ್ದು ಅಲ್ಲಿಗೂ ಬರುತ್ತದೆ.

ಮಗಳು ಈಗ ನಾಲ್ಕರಲ್ಲೋ ಐದರಲ್ಲೋ ಇದ್ದರೆ ನಾಳೆಯೇ ಶಾಲೆಗೆ ಹೋಗಿ. ಸ್ಯಾಟ್ಸ್‌ನಲ್ಲಿ ಅವಳ ಹೆಸರು ಹೇಗಿದೆ ಅಂತ ಎಚ್‌ಎಂ ಹತ್ತಿರ ಬರೆಸಿಕೊಳ್ಳಿ, ಆಧಾರ್ ಪಕ್ಕದಲ್ಲಿಟ್ಟು ನೋಡಿ. ಬೇರೆ ಇದ್ದರೆ ಈ ತಿಂಗಳೇ ಸರಿ ಮಾಡಿಸಿ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಇಲ್ಲೇ ಕೇಳಿ, ಸಂಜೆ ಶಾಲೆ ಬಿಟ್ಟ ಮೇಲೆ ಉತ್ತರ ಹಾಕುತ್ತೇನೆ.